ಮಧ್ಯಾಹ್ನ ಎರಡೂವರೆಯ ಹೆದರಿಕೆ

ಹೆದರುವುದಕ್ಕೆ ತಕ್ಕ ಹೊತ್ತು ಮಧ್ಯಾಹ್ನ ಎರಡೂವರೆ ಗಂಟೆ ಎಂದು ನನಗೆ ಹೇಳಿಕೊಟ್ಟವರು ಮಡಂತ್ಯಾರಿನ ಕಂಪೌಂಡರ್. ಕುಚ್ಚಲಕ್ಕಿ ಅನ್ನ ಉಂಡು, ಮೇಲಿಂದ ಮಜ್ಜಿಗೆ ಕುಡಿದು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಅಂಗಳದಲ್ಲಿ ಕೋಳಿಗಳು ಮಣ್ಣು ಕೆದಕುತ್ತಿರುವಾಗ ಭೂತದ ಸಿನೆಮಾ ನೋಡಬೇಕು. ಆಗಲೂ ಹೆದರಿಕೆಯಾದರೆ ಅದು ಸಿನೆಮಾ. "ಕತ್ತಲಲ್ಲಿ ಹೆದರ್ಲಿಕ್ಕೆ ಸಿನೆಮಾ ಯಾಕೆ ಟೀಚರ್? ಕತ್ತಲಲ್ಲಿ ಬಾಳೆಗಿಡ ಕಂಡ್ರೂ ಹೆದರಿಕೆ ಆಗ್ತದೆ. ಅದರಲ್ಲಿ ಡೈರೆಕ್ಟರನ ಹೆಚ್ಚುಗಾರಿಕೆ ಎಂತ ಉಂಟು?" ಎಂದು ಅವರು ಕೇಳುತ್ತಿದ್ದರು.

ಕಳೆದ ತಿಂಗಳು ಬಂಟ್ವಾಳದ ಮಗಳ ಮನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ನಗು. ಅಳು ಆಮೇಲೆ ಬಂತು, ಬಂದದ್ದು ಬೇಗ ಹೋಗಲೂ ಇಲ್ಲ. ಸಾವಿನ ಸುದ್ದಿಗೆ ನಗುವವಳೆಂದು ಯಾರೂ ಬಯ್ಯಬಾರದು. ಆ ಮನುಷ್ಯನನ್ನು ನೆನೆಸಿಕೊಂಡು ನಗದೆ ಇರುವುದು ನನ್ನಿಂದ ಆಗುವ ಕೆಲಸವಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಮಡಂತ್ಯಾರಿನ ಅರ್ಧ ಜನಕ್ಕೆ ಯಾರೆಂದು ಗೊತ್ತಾಗಲಿಕ್ಕಿಲ್ಲ. ಪ್ರಾಯದಲ್ಲಿ ಬೆಳ್ತಂಗಡಿಯ ಒಬ್ಬ ಡಾಕ್ಟರರ ಬಳಿ ಮದ್ದು ಕಟ್ಟಿಕೊಡುತ್ತಿದ್ದರು, ಹಾಗಾಗಿ ಕೊನೆಯವರೆಗೂ ಕಂಪೌಂಡರ್. ಆಮೇಲೆ ಗಲ್ಫಿಗೆ ಹೋಗಿ ಒಂಬತ್ತು ವರ್ಷ ಒಂದು ಔಷಧಿ ಅಂಗಡಿಯಲ್ಲಿ ದುಡಿದರು. ಪಕ್ಕದಲ್ಲೇ ಒಂದು ವಿಡಿಯೊ ಅಂಗಡಿ ಇತ್ತಂತೆ. ಅಲ್ಲಿ ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ಹಳೇ ಇಂಗ್ಲಿಷ್ ಭೂತದ ಸಿನೆಮಾಗಳನ್ನು ಇವರು ಒಂದೊಂದಾಗಿ ನೋಡುತ್ತಾ, ನೋಡಿದ್ದನ್ನು ಕೊಳ್ಳುತ್ತಾ ಹೋದರು. ನಮ್ಮ ಕಡೆ ಬ್ಯಾರಿ ಮುಸ್ಲಿಮರ ಮನೆಗೆ ಗಲ್ಫಿನ ಟ್ರಂಕು ಬಂತೆಂದರೆ ಅಕ್ಕಪಕ್ಕದ ನಾಲ್ಕು ಮನೆಗೂ ಅತ್ತರಿನ ಪರಿಮಳ ಹಬ್ಬುತ್ತದೆ. ಟಾರ್ಚು, ಕಂಬಳಿ, ಬಾದಾಮಿ, ಚಿನ್ನ, ಎಲ್ಲ ಅದರಿಂದ ಹೊರಬರಬೇಕು. ಇವರ ಟ್ರಂಕಿನಿಂದ ಹೊರಬಂದದ್ದು ನೂರಕ್ಕೂ ಮಿಕ್ಕಿ ಭೂತದ ಕ್ಯಾಸೆಟ್ಟುಗಳು, ಮತ್ತು ಅವು ಒಡೆಯದ ಹಾಗೆ ಸುತ್ತಿದ್ದ ಒಂದೇ ಒಂದು ಕಂಬಳಿ. ಹೆಂಡತಿ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೇ ದಿನ ಏನು ಮಾತಾಡಿದರೆಂದು ಕಂಪೌಂಡರ್ ಯಾರಿಗೂ ಹೇಳಿದವರಲ್ಲ.

ಬಸ್ಸು ನಿಲ್ಲುವಲ್ಲಿಗೆ ಎದುರಾಗಿ, ಟೈಲರ್ ಅಂಗಡಿಯ ಪಕ್ಕದಲ್ಲಿ ಅವರ ವಿಡಿಯೊ ಲೈಬ್ರರಿ ಇತ್ತು. ಎರಡು ಗೋಡೆಗೆ ಕನ್ನಡ, ಹಿಂದಿ, ಫೈಟಿಂಗು. ಅಂಗಡಿ ನಡೆಯುತ್ತಿದ್ದದ್ದು ಅವುಗಳಿಂದ. ಮೂರನೇ ಗೋಡೆಗೆ ಗಾಜಿನ ಬಾಗಿಲಿದ್ದ, ಬೀಗ ಹಾಕಿದ ಕಪಾಟು. ಔಷಧಿ ಅಂಗಡಿಯಲ್ಲಿ ವಿಷದ ಬಾಟಲಿಗಳನ್ನು ಇಡುವಂತಹದ್ದು. ಅದರೊಳಗೆ ಟ್ರಂಕಿನ ಮಾಲು. ಕ್ಯಾಸೆಟ್ಟುಗಳ ಮೇಲಿನ ಇಂಗ್ಲಿಷು, ಅರಬ್ಬಿ ಹೆಸರುಗಳನ್ನೆಲ್ಲ ಕಿತ್ತು, ಪ್ಲಾಸ್ಟರ್ ಪಟ್ಟಿ ಅಂಟಿಸಿ, ಅದರ ಮೇಲೆ ತಾವೇ ಇಟ್ಟ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. 'ಕೊಡೆ ಹಿಡಿದ ಹೆಂಗಸು', 'ಗಡಿಯಾರ ರಿಪೇರಿಯವನು', 'ಊಟಕ್ಕೆ ಒಬ್ಬರು ಜಾಸ್ತಿ'. ಆ ಸಿನೆಮಾಗಳ ನಿಜವಾದ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮೂಡುಬಿದಿರೆಯಿಂದ ಮದುವೆಯಾಗಿ ಬಂದವಳು. ಸಮೀಪದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ತೊಂಬತ್ತರ ದಶಕದ ನಡುಭಾಗ. ಮನೆಯಲ್ಲಿ ಅತ್ತೆ, ಗಂಡ, ಒಂದು ಟಿವಿ ಮತ್ತು ಗಂಡ ಹೊಸತಾಗಿ ತಂದಿಟ್ಟಿದ್ದ ವಿಸಿಆರ್. ಗಂಡನಿಗೆ ವಾರ್ತೆ ಬಿಟ್ಟರೆ ಬೇರೇನೂ ಬೇಡ. ನನಗೋ ಚಿಕ್ಕಂದಿನಿಂದ ಹೆದರುವುದೆಂದರೆ ಪ್ರಾಣ. ಹೆದರಿದಾಗ ನನಗೆ ಕಿರುಚಲು ಬರುವುದಿಲ್ಲ, ಕಿಸಕ್ಕೆಂದು ನಗು ಬರುತ್ತದೆ. ಮೊದಲ ಸಲ ಅಂಗಡಿಗೆ ಹೋಗಿ "ಭೂತದ್ದು ಯಾವುದಾದರೂ ಉಂಟಾ?" ಎಂದು ಕೇಳಿದಾಗ ಕಂಪೌಂಡರ್ ಕನ್ನಡಕ ಹಣೆಗೇರಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

"ಮನೆಯಲ್ಲಿ ಯಾರೆಲ್ಲ ಇದ್ದಾರೆ?"

ಹೇಳಿದೆ.

"ಯಾರಿಗಾದ್ರೂ ಬಿ.ಪಿ. ಉಂಟಾ?"

"ಇಲ್ಲ."

"ನಿಮಗೆ ಎಂತ ಆಗ್ತದೆ ಹೆದರಿದ್ರೆ? ಚಳಿಯಾ, ಬೆವರಾ?"

"ನಗು ಬರ್ತದೆ."

ಕಂಪೌಂಡರ್ ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದರು. "ಇದು ಅಪರೂಪದ ಕೇಸು," ಎಂದು ಕಪಾಟಿನ ಬೀಗ ತೆಗೆದು 'ಕೊಡೆ ಹಿಡಿದ ಹೆಂಗಸು' ಕೊಟ್ಟರು. ಜತೆಗೊಂದು ಚೀಟಿ: 'ಊಟದ ನಂತರ. ಒಂದೇ ಸಲಕ್ಕೆ ಪೂರ್ತಿ. ನಡುವಲ್ಲಿ ಚಾ ಕುಡಿಯಬಾರದು.'

ಆ ಚೀಟಿಯ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆಳು ನೋಡಿ ಡೋಸು. ಹೊಸಬರಿಗೆ ಭೂತ ದೂರದಿಂದ ಮಾತ್ರ ಕಾಣುವ ಸಿನೆಮಾ. ಪಳಗಿದವರಿಗೆ ಭೂತ ಕಾಣದೇ ಇರುವ ಸಿನೆಮಾ. ಒಮ್ಮೆ ನಾರಾವಿ ಕಡೆಯ ಒಬ್ಬ ಮೂರು ದಿನದಿಂದ ಬಿಕ್ಕಳಿಕೆ ನಿಲ್ಲದೆ ಮಡಂತ್ಯಾರಿನ ಔಷಧಿ ಅಂಗಡಿಗೆ ಬಂದಿದ್ದ. ಯಾರೋ 'ಕಂಪೌಂಡರ್ ಅಲ್ಲಿದ್ದಾರೆ' ಎಂದು ವಿಡಿಯೊ ಲೈಬ್ರರಿ ತೋರಿಸಿಬಿಟ್ಟರು. ಕಂಪೌಂಡರ್ ತಮ್ಮದು ಈಗ ಬೇರೆ ವ್ಯಾಪಾರ ಎಂದು ಹೇಳಲೇ ಇಲ್ಲ. ಅಂಗಡಿಯ ಟಿವಿಯಲ್ಲಿ 'ಊಟಕ್ಕೆ ಒಬ್ಬರು ಜಾಸ್ತಿ' ಹಾಕಿ, "ಮೊದಲ ಇಪ್ಪತ್ತು ನಿಮಿಷ ಸಾಕು," ಎಂದು ಎದುರು ಕೂರಿಸಿದರು. ಹದಿನೇಳನೇ ನಿಮಿಷಕ್ಕೆ ಬಿಕ್ಕಳಿಕೆ ನಿಂತಿತು. ಆದರೆ ಆ ಮನುಷ್ಯ ಏಳಲೊಲ್ಲ. ಕೊನೆಯ ಬಸ್ಸಿಗೆ ಹೊತ್ತಾಗುತ್ತದೆಂದರೂ ಪೂರ್ತಿ ನೋಡಿಯೇ ಎದ್ದ. ಮರುವಾರ ತಮ್ಮನಿಗೂ ಬಿಕ್ಕಳಿಕೆ ಎಂದು ಸುಳ್ಳು ಹೇಳಿ ಅವನನ್ನೂ ಕರೆದುಕೊಂಡು ಬಂದ. ಕಂಪೌಂಡರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಒಳ್ಳೆಯ ದೃಶ್ಯವನ್ನು ನೆನೆಸಿಕೊಂಡು ಹೇಳುವಾಗ ಎಡಗೈಯಿಂದ ಬಲತೋಳನ್ನು ಸವರಿ ನೋಡುತ್ತಿದ್ದರು. ರೋಮ ಎದ್ದಿದ್ದರೆ ತೋಳನ್ನು ನಮ್ಮ ಮೂಗಿನ ಹತ್ತಿರ ಚಾಚಿ, "ನೋಡಿ, ಎದ್ದಿತು! ಇಷ್ಟು ವರ್ಷ ಆದ್ಮೇಲೂ ಎದ್ದಿತು!" ಎನ್ನುತ್ತಿದ್ದರು. ಬಸ್ಸಿಗೆ ಕಾಯುವವರು, ತರಕಾರಿ ಚೀಲ ಹಿಡಿದವರು, ಪಕ್ಕದ ಟೈಲರ್, ಎಲ್ಲರೂ ಆ ತೋಳನ್ನು ನೋಡಿ ಸರ್ಟಿಫಿಕೇಟು ಕೊಡಬೇಕಾಗಿತ್ತು.

ಒಳ್ಳೆಯ ಭೂತದ ಸಿನೆಮಾ ಯಾವುದು ಎಂದು ಕೇಳಿದರೆ ಅವರ ಉತ್ತರ ವಿಚಿತ್ರವಾಗಿರುತ್ತಿತ್ತು. "ಭೂತ ಬರುವ ಮೊದಲು ಆ ಮನೆಯವರು ಎಂತ ಉಣ್ತಾರೆ ಅಂತ ತೋರಿಸ್ಬೇಕು. ಉಣ್ಣುವುದನ್ನು ಕಂಡ್ರೆ ಮಾತ್ರ ನಮಗೆ ಅವರು ಮನುಷ್ಯರು ಅಂತ ಗೊತ್ತಾಗುವುದು. ಈಗಿನ ಸಿನೆಮಾದಲ್ಲಿ ಯಾರೂ ಉಣ್ಣುವುದಿಲ್ಲ ಟೀಚರ್, ಸುರುವಿಗೇ ಬೊಬ್ಬೆ ಹಾಕ್ತಾರೆ. ಉಣ್ಣದವರು ಸತ್ತರೆ ನಮಗೆಂತ?" ನಾನು ಆಮೇಲೆ ನೋಡಿದ ಎಷ್ಟೋ ಸಿನೆಮಾಗಳಿಗೆ ಈ ಅಳತೆಗೋಲು ಹಿಡಿದು ನೋಡಿದ್ದೇನೆ. ಒಮ್ಮೆಯೂ ತಪ್ಪಿಲ್ಲ.

ಇಂತಹ ಮನುಷ್ಯನಿಗೆ ದೇವರು ಒಬ್ಬ ಎದುರಾಳಿಯನ್ನು ಕೊಟ್ಟಿದ್ದ. ಅದು ನನ್ನ ಅತ್ತೆ.

ಆ ಮೊದಲ ಭಾನುವಾರ ನಾನು ಊಟ ಮುಗಿಸಿ ಸಿನೆಮಾ ಹಾಕಿದಾಗ ಅತ್ತೆ ಅಡಿಕೆ ಕತ್ತರಿಸುತ್ತಾ ಪಕ್ಕದಲ್ಲಿ ಕೂತರು. ಚಿತ್ರದಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ದೂರದ ದಾರಿಯಲ್ಲಿ ನಿಂತಿರುತ್ತಾಳೆ. ಮರುದಿನ ಗೇಟಿನ ಹತ್ತಿರ. ಅದರ ಮರುದಿನ ಅಂಗಳದಲ್ಲಿ. ಅವಳು ನಡೆಯುವುದನ್ನು ಯಾರೂ ನೋಡುವುದಿಲ್ಲ. ಕೊನೆಯಲ್ಲಿ ಜಗಲಿಯ ಮೂಲೆಯಲ್ಲಿ ನೀರು ತೊಟ್ಟಿಕ್ಕುವ ಕೊಡೆ ಮಾತ್ರ ಕಾಣುತ್ತದೆ, ಅಷ್ಟೇ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕಿಸಕಿಸ ನಗುತ್ತಾ ನಡುಗುತ್ತಿದ್ದೆ. ಅತ್ತೆ ತುಳುವಿನಲ್ಲಿ ಬಯ್ಯಲು ಶುರು ಮಾಡಿದರು. ಭೂತಕ್ಕಲ್ಲ, ಮನೆಯವರಿಗೆ.

"ಎಂಥ ಜನ ಮಾರಾಯ್ತಿ ಇವರು! ಆ ಹೆಣ್ಣನ್ನು ನಾಲ್ಕು ದಿನ ಮಳೆಯಲ್ಲಿ ನಿಲ್ಲಿಸಿದ್ರು. ಒಳಗೆ ಕರೆದು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡ್ಲಿಕ್ಕೆ ಆಗ್ಲಿಲ್ವಾ?"

ಸೋಮವಾರ ಕ್ಯಾಸೆಟ್ಟು ವಾಪಸು ಕೊಡಲು ಅತ್ತೆಯೂ ನನ್ನೊಂದಿಗೆ ಬಂದರು. "ಹೇಗಿತ್ತಮ್ಮ?" ಎಂದು ಕಂಪೌಂಡರ್ ಆಸೆಯಿಂದ ಕೇಳಿದರು. ಅತ್ತೆ ಸ್ಟೂಲಿನ ಮೇಲೆ ಕೂತು ತೀರ್ಪು ಕೊಟ್ಟರು. "ಕಂಪೌಂಡರೇ, ಅದು ಮದುವೆ ಆಗದೆ ಸತ್ತ ಹೆಣ್ಣು. ಅದಕ್ಕೆ ಆಟಿ ತಿಂಗಳಲ್ಲಿ ಒಂದು ಪ್ರೇತ ಮದುವೆ ಮಾಡಿಸಿದ್ರೆ ಮುಗೀತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಎರಡು ಗಂಟೆ ಸಿನೆಮಾ ಯಾಕೆ?"

ತುಳುನಾಡಿನ ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮ್ಮಲ್ಲಿ ಮದುವೆಗೆ ಮೊದಲೇ ತೀರಿಕೊಂಡವರಿಗೆ, ಆಷಾಢದ ಹೊತ್ತಿಗೆ ಬರುವ ಆಟಿ ತಿಂಗಳಲ್ಲಿ, ಅಷ್ಟೇ ಪ್ರಾಯದಲ್ಲಿ ತೀರಿಕೊಂಡ ಸಂಬಂಧ ಹುಡುಕಿ, ಎರಡು ಮನೆಯವರು ಸೇರಿ, ಸೀರೆ ಪಂಚೆ ಇಟ್ಟು, ಎಲೆ ಹಾಕಿ ಊಟ ಬಡಿಸಿ ಮದುವೆ ಮಾಡಿಸುವ ಕ್ರಮ ಉಂಟು. ಸತ್ತವರು ನಮಗೆ ಹೊರಗಿನವರಲ್ಲ. ಅವರೂ ಮನೆಯ ಮಂದಿಯೇ, ಸ್ವಲ್ಪ ಮುಂಗೋಪ ಜಾಸ್ತಿ, ಅಷ್ಟೆ. ಆದ್ದರಿಂದ ಕಂಪೌಂಡರ್ ಕೊಟ್ಟ ಯಾವ ಭೂತ ಬಂದರೂ ಅತ್ತೆ ಹೆದರಲಿಲ್ಲ. ಅದಕ್ಕೆ ಏನು ಕಮ್ಮಿಯಾಗಿದೆ ಎಂದು ವಿಚಾರಿಸಿದರು. ಮನೆ ಬದಲಾಯಿಸಿದವರಿಗೆ ಕಾಟ ಕೊಡುವ ಭೂತವಾದರೆ, "ವರ್ಷಕ್ಕೊಂದು ಸಲ ಅದಕ್ಕೆ ಕೊಡುವುದನ್ನು ಕೊಡದೆ ಎಷ್ಟು ವರ್ಷ ಆಯ್ತೋ." ಬಾವಿಯಿಂದ ಕೈ ಬಂದರೆ, "ಬಾವಿಗೆ ಕಟ್ಟೆ ಕಟ್ಟಿಸದವರಿಗೆ ಹಾಗೆಯೇ ಆಗ್ಬೇಕು."

'ಗಡಿಯಾರ ರಿಪೇರಿಯವನು' ನೋಡಿದ ಮರುದಿನ ಅಂಗಡಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಾನು ಹೊಟ್ಟೆ ಹಿಡಿದು ನಗುತ್ತೇನೆ. ಆ ಚಿತ್ರದಲ್ಲಿ ಸತ್ತುಹೋದ ಒಬ್ಬ ಗಡಿಯಾರ ರಿಪೇರಿಯವನು ಊರಿನ ಗಡಿಯಾರಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಾ ಬರುತ್ತಾನೆ. ಗಂಭೀರ ಮುಖದ, ಸಭ್ಯ ಭೂತ. ಅತ್ತೆಗೆ ಅವನು ಬಹಳ ಹಿಡಿಸಿದ್ದ.

"ಕಂಪೌಂಡರೇ, ಈ ಹುಡುಗನೂ ಮದುವೆ ಆಗದವನು. ಕೈಯಲ್ಲಿ ಕೆಲಸ ಉಂಟು. ಆ ಕೊಡೆಯ ಹೆಣ್ಣಿಗೆ ಇವನನ್ನು ನೋಡುವ."

ಕಂಪೌಂಡರ್ ದಂಗಾದರು. "ಅಮ್ಮ, ಅದು ಕಪ್ಪು ಬಿಳುಪು, ಇದು ಕಲರ್!"

"ಬಣ್ಣ ನೋಡಿ ಹೆಣ್ಣು ಕೊಡುವುದಾ ನಿಮ್ಮಲ್ಲಿ?"

"ಅದು ಬೇರೆ ಸಿನೆಮಾ, ಇದು ಬೇರೆ ಸಿನೆಮಾ!"

"ಹತ್ತಿರದ ಸಂಬಂಧ ಆಗಬಾರದು. ಬೇರೆ ಆದದ್ದೇ ಒಳ್ಳೇದಾಯ್ತು. ಬರಿ ಮಾತ್ರ ಕೇಳಿ ನೋಡ್ಬೇಕು," ಎಂದರು ಅತ್ತೆ. ಬರಿಯೆಂದರೆ ನಮ್ಮ ಕಡೆಯ ಗೋತ್ರ.

"ಪಡಚ್ಚೋನೇ!" ಎಂದು ಕಂಪೌಂಡರ್ ಸೃಷ್ಟಿಕರ್ತನನ್ನು ಕರೆದರು. "ಇಂಗ್ಲಿಷಿನವರಿಗೆ ಬರಿ ಎಲ್ಲಿಂದ ತರುವುದು ನಾನು?" ಹಾಗೆ ಹೇಳುತ್ತಲೇ ಅವರಿಗೆ ನಗು ತಡೆಯಲಿಲ್ಲ. ಮೇಜಿನ ಮೇಲೆ ತಲೆ ಇಟ್ಟು ನಕ್ಕರು. ಟೈಲರ್ ಮಿಷನ್ನು ನಿಲ್ಲಿಸಿ ಬಂದು ಏನೆಂದು ತಿಳಿಯದೆ ನಕ್ಕ. ನಾನು ಗೋಡೆ ಹಿಡಿದು ನಕ್ಕೆ. ನಗದೆ ಕೂತದ್ದು ಸಂಬಂಧ ಕುದುರಿಸುತ್ತಿದ್ದ ಅತ್ತೆ ಒಬ್ಬರೇ. ಅವರು ಹೊರಟ ಮೇಲೆ ಕಂಪೌಂಡರ್ ಆ ಎರಡು ಕ್ಯಾಸೆಟ್ಟುಗಳನ್ನು ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರು. ಮತ್ತೆ ಅವು ಬೇರೆಯಾಗಲಿಲ್ಲ. ಒಂದನ್ನು ಕೇಳಿದವರಿಗೆ ಇನ್ನೊಂದನ್ನೂ ಕೊಡುತ್ತಿದ್ದರು.

ಆದರೆ ಒಳಗೆ ಅವರಿಗೆ ನೋವಿತ್ತು. ಅತ್ತೆಯನ್ನು ಒಂದೇ ಒಂದು ಸಲ ಹೆದರಿಸಬೇಕೆಂಬುದು ಅವರಿಗೆ ಹಟವಾಗಿಬಿಟ್ಟಿತು. ನಾನು ಸುಮ್ಮನೆ ತಮಾಷೆಗೆ, "ಜಗತ್ತಿನಲ್ಲೇ ಎಲ್ಲಕ್ಕಿಂತ ಒಳ್ಳೆಯದು ಯಾವುದೋ ಅದನ್ನು ಕೊಡಿ," ಎಂದೆ. ಕಂಪೌಂಡರ್ ಕಪಾಟಿನ ಮೇಲ್ಗಡೆಯ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ 'ನೇರಳೆ ಬಾಗಿಲು' ಎಂದು ಬರೆದ ಒಂದು ಕ್ಯಾಸೆಟ್ಟು ಒಂಟಿಯಾಗಿ ನಿಂತಿತ್ತು.

"ಅದು ಈಗ ಬೇಡ. ಅದಕ್ಕೆ ನೀವಿನ್ನೂ ಆಗ್ಲಿಲ್ಲ."

"ಬಣ್ಣದ್ದಾ?"

"ಕಪ್ಪು ಬಿಳುಪು."

"ಹಾಗಾದರೆ ಬಾಗಿಲು ನೇರಳೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹೆದರಿದವನಿಗೆ ಬಣ್ಣ ಕಾಣ್ತದೆ ಟೀಚರ್," ಎಂದು ಅವರು ತೋಳು ಸವರಿಕೊಂಡರು. ರೋಮ ಎದ್ದಿತ್ತು.

ಅದರ ಕಥೆಯನ್ನು ಅವರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ. ಗುಡ್ಡದ ಮೇಲಿನ ಒಂದು ಹಳೇ ಮನೆಗೆ ವಾರಸುದಾರರ ಕುಟುಂಬ ಬರುತ್ತದೆ. ಮಹಡಿಯಲ್ಲಿ ಬೀಗ ಹಾಕಿದ ಒಂದು ಬಾಗಿಲು. ದಿನಕ್ಕೊಂದು ವಸ್ತು ಮನೆಯಿಂದ ಕಾಣೆಯಾಗಿ, ಬೆಳಿಗ್ಗೆ ಆ ಬಾಗಿಲ ಮುಂದೆ ಸಾಲಾಗಿ ಇಟ್ಟಿರುತ್ತದೆ. ಒಂದು ಚಮಚ. ಮಗುವಿನ ಒಂದು ಶೂ. ಕಡೆಗೆ, ಅಜ್ಜ ಬಾಯಿಯಲ್ಲೇ ಇಟ್ಟುಕೊಂಡು ಮಲಗಿದ್ದ ಹಲ್ಲಿನ ಸೆಟ್ಟು. ಆಮೇಲೆ ಒಳಗಿನಿಂದ ಯಾರೋ ಬಾಗಿಲು ತಟ್ಟಲು ಶುರು ಮಾಡುತ್ತಾರೆ, ಹೊರಗೆ ಬರಬೇಕಾದವರ ಹಾಗಲ್ಲ, ನೆಂಟರ ಮನೆಗೆ ಬಂದವರ ಹಾಗೆ, ಮರ್ಯಾದೆಯಿಂದ. ಮನೆಯ ಯಜಮಾನ್ತಿ ಕೀಲಿಕೈ ಹಿಡಿದು ಮಹಡಿ ಹತ್ತುತ್ತಾಳೆ. ಕಂಪೌಂಡರ್ ಯಾವಾಗಲೂ ಇಲ್ಲಿಗೆ ನಿಲ್ಲಿಸುತ್ತಿದ್ದರು. "ಮುಂದೆ?" ಎಂದರೆ, "ಮುಂದಿನದ್ದು ಹೇಳುವಂಥದ್ದಲ್ಲ," ಎನ್ನುತ್ತಿದ್ದರು.

ಹೀಗೆ ಎಂಟು ವರ್ಷ ಕಳೆಯಿತು. ಕೇಬಲ್ ಬಂತು, ಸಿಡಿ ಬಂತು. ಬೆಳ್ತಂಗಡಿಯಲ್ಲಿ, ಲಾಯಿಲದಲ್ಲಿ ವಿಡಿಯೊ ಲೈಬ್ರರಿಗಳು ಮೊಬೈಲ್ ಅಂಗಡಿಗಳಾದವು. ಎರಡು ಗೋಡೆಯ ಫೈಟಿಂಗುಗಳನ್ನು ಕೇಳುವವರಿಲ್ಲದೆ ಕಂಪೌಂಡರೂ ಅಂಗಡಿ ಮುಚ್ಚುವ ತೀರ್ಮಾನಕ್ಕೆ ಬಂದರು. ಬಂಟ್ವಾಳದಲ್ಲಿ ಅಳಿಯನ ಫ್ಯಾನ್ಸಿ ಸ್ಟೋರಿನಲ್ಲಿ ಕೂರುವುದೆಂದು ನಿಶ್ಚಯವಾಗಿತ್ತು. ಅಂಗಡಿಯ ಕೊನೆಯ ವಾರ ನಾನು ಹೋದಾಗ ಅವರು ಹತ್ತಿಗೆ ಸ್ಪಿರಿಟ್ ಅದ್ದಿ, ಗಾಯ ತೊಳೆಯುವ ಹಾಗೆ ಒಂದು ಕ್ಯಾಸೆಟ್ಟಿನ ರೀಲು ಒರೆಸುತ್ತಿದ್ದರು. ನಮ್ಮ ಮಳೆಗಾಲಕ್ಕೆ ರೀಲಿನ ಅಂಚಿಗೆಲ್ಲ ಬೂಷ್ಟು ಹಿಡಿಯುತ್ತದೆ. ಅದು 'ನೇರಳೆ ಬಾಗಿಲು'.

"ಟೀಚರ್, ಇದು ಇನ್ನೊಂದು ಸಲ ಓಡಬಹುದು. ಎರಡನೇ ಸಲ ಓಡ್ಲಿಕ್ಕಿಲ್ಲ," ಎಂದರು. ಹತ್ತಿಯನ್ನು ಕೆಳಗಿಟ್ಟು ಧ್ವನಿ ತಗ್ಗಿಸಿದರು. "ಒಂದು ಮಾತು ಉಂಟು. ನಗಾಡಬಾರದು. ನಾನು ಇದರ ಕೊನೆ ನೋಡಿಲ್ಲ."

ನಾನು ನಕ್ಕೆ. ನಗದೆ ಹೇಗಿರಲಿ? "ಎಂಟು ವರ್ಷದಿಂದ ಜಗತ್ತಿನಲ್ಲೇ ಒಳ್ಳೆಯ ಸಿನೆಮಾ ಅಂತ ಹೇಳಿದ್ದು ನೀವೇ ಅಲ್ವಾ?"

"ಬಾಗಿಲಿನವರೆಗೆ ಹೌದು. ಬಾಗಿಲಿನವರೆಗೆ ಹನ್ನೊಂದು ಸಲ ನೋಡಿದ್ದೇನೆ. ಅವಳು ಕೀಲಿಕೈ ತಿರುಗಿಸುವಾಗ ನನ್ನ ಕೈ ಹೋಗಿ ಬಟನ್ ಒತ್ತಿಬಿಡ್ತದೆ. ನಾನು ಒತ್ತುವುದಲ್ಲ ಟೀಚರ್, ಕೈ ಒತ್ತುವುದು."

ಅವರೂ ನಗುತ್ತಿದ್ದರು. ನಗುತ್ತಲೇ ಕಣ್ಣು ಬೇರೆ ಕಡೆ ತಿರುಗಿಸಿದರು. "ಒಂಬತ್ತು ವರ್ಷ ದುಡಿದು ಟ್ರಂಕಿನಲ್ಲಿ ಕಸ ತಂದ ಅಂತ ಎಲ್ಲರೂ ಹೇಳಿದ್ರು. ಮನೆಯಲ್ಲೂ ಹೇಳಿದ್ರು. ಕಸ ಅಲ್ಲ ಅಂತ ನನಗೆ ಗೊತ್ತುಂಟು. ಆದ್ರೆ ಇಷ್ಟರಲ್ಲಿ ಇದು ಒಂದು ಸುಳ್ಳಾದ್ರೆ ಎಲ್ಲ ಸುಳ್ಳಾದ ಹಾಗೆಯೇ. ನೀವು ಪೂರ್ತಿ ನೋಡಿ. ಬಾಗಿಲ ಹಿಂದೆ ಎಂತ ಉಂಟು ಅಂತ ನನಗೆ ಹೇಳ್ಬೇಡಿ. ಹೆದರಿದ್ರಾ ಇಲ್ವಾ ಅಂತ ಮಾತ್ರ ಹೇಳಿ." ಮತ್ತೆ ಏನೋ ನೆನಪಾದವರಂತೆ, "ನೀವಲ್ಲ. ನೀವು ಗೋಡೆಯ ಹಲ್ಲಿಗೂ ಹೆದರ್ತೀರಿ. ಅಮ್ಮ ನೋಡ್ಲಿ. ಅಮ್ಮ ಹೆದರಿದ್ರೆ ನನ್ನ ಒಂಬತ್ತು ವರ್ಷ ದಂಡ ಅಲ್ಲ," ಎಂದರು. ಎಂದೂ ಚೀಟಿ ಬರೆಯದೆ ಕೊಟ್ಟವರಲ್ಲ, ಅವತ್ತು ಬರೆಯಲು ಮರೆತರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು, "ಹೌದಾ," ಎಂದರು, ಅಷ್ಟೇ.

ಭಾನುವಾರ ಎರಡೂವರೆಗೆ ಕೂತೆವು. ಅದ್ಭುತವಾದ ಸಿನೆಮಾ. ಆ ಮನೆಯವರು ಎಷ್ಟು ಚೆಂದ ಉಣ್ಣುತ್ತಿದ್ದರು! ಚಿತ್ರದ ತುಂಬ ಗೀರುಗಳು, ಬಿಳಿ ಚುಕ್ಕೆಗಳು. ಹನ್ನೊಂದು ಸಲ ಓಡಿದ ಸವಕಲು ರೀಲು. ಆದರೂ ಹಲ್ಲಿನ ಸೆಟ್ಟು ಬಂದಾಗ ನಾನು ನಕ್ಕೂ ನಕ್ಕೂ ಅತ್ತೆಯ ತೋಳು ಹಿಡಿದೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ್ದರು. ಯಜಮಾನ್ತಿ ಮಹಡಿ ಹತ್ತಿದಳು. ಕೀಲಿಕೈ ತಿರುಗಿತು. ಫಕ್ಕನೆ ಚಿತ್ರ ಸ್ವಚ್ಛವಾಯಿತು. ಒಂದೂ ಗೀರಿಲ್ಲ, ತೊಳೆದಿಟ್ಟ ಹಾಗೆ. ಅಲ್ಲಿಂದ ಮುಂದಕ್ಕೆ ಆ ರೀಲನ್ನು ಯಾರೂ ಓಡಿಸಿರಲಿಲ್ಲ.

ಬಾಗಿಲು ತೆರೆಯಿತು. ಒಳಗೆ, ಸುರುವಿನಲ್ಲಿ ಆ ಕುಟುಂಬಕ್ಕೆ ಮನೆ ತೋರಿಸಿ ಹೋಗಿದ್ದ ತೋಟದ ಮೇನೇಜರು ನಿಂತಿದ್ದ. ಕೈಯಲ್ಲಿ ದಾರ ಕಟ್ಟಿದ ಒಂದು ಮರದ ಸುತ್ತಿಗೆ, ಬಗಲಲ್ಲಿ ಜಾಗದ ಕಾಗದಪತ್ರ. ವಾರಸುದಾರರನ್ನು ಓಡಿಸಿ ಮನೆಯನ್ನು ತಾನು ಹೊಡೆದುಕೊಳ್ಳಲು ಅವನು ಮಾಡಿದ ಉಪಾಯವಂತೆ. ಅವನು ತಪ್ಪೊಪ್ಪಿಕೊಂಡು ನಕ್ಕ, ಅವರು ಕ್ಷಮಿಸಿ ನಕ್ಕರು, ಬ್ಯಾಂಡಿನ ಸಂಗೀತ ಬಂತು, ಎಲ್ಲರೂ ಚಾ ಕುಡಿದರು. ಮುಗಿಯಿತು.

ನಾನು ಚಾಪೆಯ ಮೇಲೆ ಬಿದ್ದು ನಕ್ಕೆ. ಅದು ಹೆದರಿಕೆಯ ನಗುವಲ್ಲ, ನಿಜವಾದ ನಗು. ಎಂಟು ವರ್ಷದ ಭೂತ ಕಡೆಗೆ ಜಾಗದ ತಕರಾರಾಗಿ ಹೊರಗೆ ಬಂತಲ್ಲ! ನಮ್ಮ ತಾಲೂಕಿನ ಯಾವ ಮನೆಯಲ್ಲಿ ಅದಿಲ್ಲ? ನಕ್ಕು ಸುಸ್ತಾಗಿ ನೋಡಿದರೆ ಅತ್ತೆ ನಗುತ್ತಿರಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಟಿವಿಯನ್ನೇ ನೋಡುತ್ತಿದ್ದರು. ಆಮೇಲೆ ನನಗೂ ನಗು ನಿಂತಿತು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಮುಖ ತೋರಿಸಿಕೊಡುತ್ತದೆ. ನಾಳೆ ಆ ಮನುಷ್ಯ ಸ್ಟೂಲು ಎಳೆದು ಕೂರಿಸಿ ಕೇಳುತ್ತಾರೆ. ಏನು ಹೇಳಲಿ?

ಇಬ್ಬರೂ ಈಗ ಇಲ್ಲವಾದ್ದರಿಂದ ಮುಂದಿನದ್ದನ್ನು ಬರೆಯಬಹುದು. ಸೋಮವಾರ ಶಾಲೆ ಬಿಟ್ಟು ನಾನು ಬರುವಾಗ ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಡೆ, ಹೋಗುವ. ನೀನು ಬಾಯಿ ಬಿಡಬೇಡ," ಎಂದರು.

ಅಂಗಡಿ ಅರ್ಧ ಖಾಲಿಯಾಗಿತ್ತು. ಕಂಪೌಂಡರ್ ನಮ್ಮನ್ನು ಕಂಡವರೇ ಎದ್ದು ನಿಂತರು. ಕೇಳಲು ಅವರಿಗೆ ಧೈರ್ಯ ಇರಲಿಲ್ಲ. ಅತ್ತೆಯೇ ಹೇಳಿದರು.

"ಕಂಪೌಂಡರೇ, ನಾನು ಹೆದರಿದೆ."

ಅವರು ಕೂತರು. ಮತ್ತೆ ಎದ್ದರು. "ಎಷ್ಟು?"

"ಎದೆಯ ಮೇಲಿಂದ ಕೈ ತೆಗೀಲಿಕ್ಕೆ ಆಗ್ಲಿಲ್ಲ. ಬೇಕಾದ್ರೆ ಇವಳನ್ನು ಕೇಳಿ."

ನಾನು ತಲೆಯಾಡಿಸಿದೆ. ಅಷ್ಟು ಸತ್ಯ ತಾನೇ?

"ಬಾಗಿಲ ಹಿಂದೆ..."

"ಹೇಳುವುದಿಲ್ಲ. ನೀವು ನೋಡಲೂಬಾರದು, ನಿಮ್ಮ ಎದೆಗೆ ಅದು ಆಗುವಂಥದ್ದಲ್ಲ. ಕ್ಯಾಸೆಟ್ಟು ತರ್ಲಿಲ್ಲ ನಾನು. ಅಂಥದ್ದನ್ನು ಮನೆಯಲ್ಲಿ ಇಡಬಾರದು ಅಂತ ನೇತ್ರಾವತಿಗೆ ಬಿಟ್ಟೆ."

"ನೇತ್ರಾವತಿಗಾ!" ಕಂಪೌಂಡರ್ ಮುಖ ಅರಳಿದ ಬಗೆಯನ್ನು ಹೇಗೆ ಹೇಳಲಿ? ತೋಳು ಸವರಿಕೊಂಡರು, ಎರಡೂ ತೋಳು. "ಎದ್ದಿತು! ಟೀಚರ್, ನೋಡಿ, ನೋಡದೆಯೇ ಎದ್ದಿತು!" ಎಂದು ಬೊಬ್ಬೆ ಹಾಕಿ ಹೊರಗೆ ಓಡಿದರು. "ಅಮ್ಮ ಹೆದರಿದ್ರು! ಹಗಲಲ್ಲಿ, ಎರಡೂವರೆಗೆ, ಊಟ ಮಾಡಿ ಹೆದರಿದ್ರು!" ಎಂದು ಟೈಲರಿಗೆ, ಬಸ್ಸಿಗೆ ಕಾಯುವವರಿಗೆ, ಹಾದು ಹೋಗುವ ರಿಕ್ಷಾಗಳಿಗೆಲ್ಲ ಸಾರಿದರು. ಎಲ್ಲರಿಗೂ ಸೋಡಾ ಶರಬತ್ತು ತರಿಸಿದರು. ಅವರ ಹೆಂಡತಿಯನ್ನೂ ಮನೆಯಿಂದ ಕರೆಸಿ, "ಅಮ್ಮ, ಇವಳಿಗೆ ಒಂದು ಸಲ ಹೇಳಿ," ಎಂದರು. ಅತ್ತೆ ಅವರಿಗೂ ಹೇಳಿದರು. ಆ ಹೆಂಗಸು ಗಂಡನನ್ನು ನೋಡಿದ ನೋಟದಲ್ಲಿ ಮೊದಲ ಸಲ ಸ್ವಲ್ಪ ಗೌರವ ಇತ್ತು. ಇಷ್ಟೂ ಹೊತ್ತು ಆ ಕ್ಯಾಸೆಟ್ಟು ಅತ್ತೆಯ ಕೈಚೀಲದಲ್ಲಿ, ವೀಳ್ಯದೆಲೆಯ ಕಟ್ಟಿನ ಅಡಿಯಲ್ಲಿ ಇತ್ತು.

ಹಿಂದಿರುಗುವ ದಾರಿಯಲ್ಲಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಅತ್ತೆ, ನಿಮ್ಮ ಬಾಯಲ್ಲಿ ಇಷ್ಟು ದೊಡ್ಡ ಸುಳ್ಳು ನಾನು ಕೇಳಿರಲಿಲ್ಲ," ಎಂದೆ.

ಅತ್ತೆ ನಡೆಯುವುದನ್ನು ನಿಲ್ಲಿಸಿದರು.

"ನದಿಗೆ ಬಿಟ್ಟದ್ದು ಸುಳ್ಳು. ಹೆದರಿದ್ದು ಸುಳ್ಳಲ್ಲ ಮಾರಾಯ್ತಿ. ಬಾಗಿಲು ತೆಗೆದು ಆ ಮೇನೇಜರು ಹಲ್ಲು ಕಿಸಿದು ನಿಂತನಲ್ಲ, ಇದನ್ನು ಹೋಗಿ ಆ ಮನುಷ್ಯನಿಗೆ ಹೇಗೆ ಹೇಳುವುದು ಅಂತ ನನ್ನ ಕೈಕಾಲೇ ಬಿದ್ದುಹೋಯ್ತು. ಅಂಥ ಹೆದರಿಕೆ ಈ ಜನ್ಮದಲ್ಲಿ ನನಗೆ ಆಗಿರ್ಲಿಲ್ಲ."